ಜನರೇ ಆರಿಸುವ ಪೊಲೀಸ್ ಮುಖ್ಯಸ್ಥ, ತೆಗೆಯುವವರು ಯಾರು? ಲಾಸ್ ಏಂಜಲೀಸ್ ಶೆರಿಫ್ ಕಚೇರಿಯ 175 ವರ್ಷಗಳ ಕಥೆ

2025ರ ಜುಲೈ 18ರ ಬೆಳಗ್ಗೆ ಲಾಸ್ ಏಂಜಲೀಸ್‌ನ ಬಿಸ್ಕೆಲೂಝ್ ತರಬೇತಿ ಕೇಂದ್ರದಲ್ಲಿ ಸ್ಫೋಟ ಸಂಭವಿಸಿತು. ಶೆರಿಫ್ ಇಲಾಖೆಯ ಬಾಂಬ್ ಪತ್ತೆ ವಿಭಾಗದ ಮೂವರು ಅನುಭವಿ ಅಧಿಕಾರಿಗಳು ಸ್ಥಳದಲ್ಲೇ ಮೃತಪಟ್ಟರು. 1857ರ ನಂತರ ಒಂದೇ ಘಟನೆಯಲ್ಲಿ ಇಲಾಖೆ ಇಷ್ಟು ಜನರನ್ನು ಕಳೆದುಕೊಂಡಿರಲಿಲ್ಲ ಎಂದು ಶೆರಿಫ್ ರಾಬರ್ಟ್ ಲೂನಾ ಅಂದು ಹೇಳಿದರು.

1857 ಎಂದರೆ ನಮ್ಮಲ್ಲಿ ಸಿಪಾಯಿ ದಂಗೆಯ ವರ್ಷ. ಅಷ್ಟು ಹಿಂದಿನ ದಾಖಲೆಯನ್ನು ಇವತ್ತಿಗೂ ಎಣಿಕೆಯಲ್ಲಿ ಇಟ್ಟುಕೊಂಡಿರುವ ಪೊಲೀಸ್ ಇಲಾಖೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಇಷ್ಟು ಹಳೆಯ, ಇಷ್ಟು ದೊಡ್ಡ ಈ ಇಲಾಖೆಯ ಮುಖ್ಯಸ್ಥನನ್ನು ಸರ್ಕಾರ ನೇಮಿಸುವುದಿಲ್ಲ, ಜನ ಮತ ಹಾಕಿ ಆರಿಸುತ್ತಾರೆ. ಆರಿಸಿದವರು ತಪ್ಪು ಮಾಡಿದರೆ ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯಾ ಕಳೆದ ಕೆಲವು ವರ್ಷಗಳಿಂದ ಉತ್ತರ ಹುಡುಕುತ್ತಿದೆ. 2026 ಮತ್ತೆ ಲಾಸ್ ಏಂಜಲೀಸ್ ಶೆರಿಫ್ ಚುನಾವಣೆಯ ವರ್ಷವಾದ್ದರಿಂದ ಆ ಪ್ರಶ್ನೆ ಮತ್ತೆ ಮುನ್ನೆಲೆಗೆ ಬಂದಿದೆ.

ಮುಂಬೈ ಶೆರಿಫ್ ಬೇರೆ, ಅಮೆರಿಕದ ಶೆರಿಫ್ ಬೇರೆ

ಮುಂಬೈ, ಕೋಲ್ಕತ್ತಾ ಓದುಗರಿಗೆ ಶೆರಿಫ್ ಎಂಬ ಪದ ಹೊಸದಲ್ಲ. ಮುಂಬೈ ಶೆರಿಫ್ ಎಂದರೆ ನಗರದ ಗಣ್ಯರೊಬ್ಬರಿಗೆ ಒಂದು ವರ್ಷದ ಮಟ್ಟಿಗೆ ಸಿಗುವ ಗೌರವ ಹುದ್ದೆ. ದಿಲೀಪ್ ಕುಮಾರ್, ಸುನಿಲ್ ಗವಾಸ್ಕರ್ ಅವರಂಥವರು ಆ ಹುದ್ದೆಯಲ್ಲಿ ಕೂತವರೇ. ಸಭೆ ಸಮಾರಂಭ, ಅತಿಥಿಗಳ ಸ್ವಾಗತ ಬಿಟ್ಟರೆ ಅಧಿಕಾರ ಇಲ್ಲ. ಬ್ರಿಟಿಷರು ಮದ್ರಾಸಿನಲ್ಲೂ ಈ ಹುದ್ದೆ ಸೃಷ್ಟಿಸಿದ್ದರು. ಚೆನ್ನೈನಲ್ಲಿ ಅದು 1990ರ ದಶಕದ ಕೊನೆಯಲ್ಲಿ ರದ್ದಾಯಿತು.

ಎರಡಕ್ಕೂ ಮೂಲ ಒಂದೇ. ಹಳೆಯ ಇಂಗ್ಲೆಂಡಿನಲ್ಲಿ 'ಶೈರ್' ಎಂದರೆ ಜಿಲ್ಲೆ, 'ರೀವ್' ಎಂದರೆ ರಾಜನ ಪರವಾಗಿ ಕಂದಾಯ ವಸೂಲಿ ಮಾಡಿ ಶಾಂತಿ ಕಾಪಾಡುವ ಅಧಿಕಾರಿ. ಶೈರ್ ರೀವ್ ಎಂಬುದೇ ಆಡುಮಾತಿನಲ್ಲಿ ಶೆರಿಫ್ ಆಯಿತು. ರಾಬಿನ್ ಹುಡ್ ಕಥೆಗಳ ಖಳನಾಯಕ ನಾಟಿಂಗ್‌ಹ್ಯಾಮ್ ಶೆರಿಫ್ ಇದೇ ಹುದ್ದೆಯವನು. ಭಾರತಕ್ಕೆ ಬರುವಷ್ಟರಲ್ಲಿ ಆ ಹುದ್ದೆ ಅಲಂಕಾರಕ್ಕೆ ಸೀಮಿತವಾಯಿತು. ಅಮೆರಿಕಕ್ಕೆ ಹೋದ ಮೇಲೆ ರಾಜನ ನೇಮಕ ಹೋಗಿ ಜನರ ಮತ ಬಂತು, ಅಧಿಕಾರ ಮಾತ್ರ ಹಾಗೆಯೇ ಉಳಿಯಿತು.

ಇಂದು ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಶೆರಿಫ್‌ಗಳಿದ್ದಾರೆ. ಕೆಲವೇ ರಾಜ್ಯಗಳನ್ನು ಬಿಟ್ಟರೆ ಎಲ್ಲೆಡೆ ಇದು ಚುನಾಯಿತ ಹುದ್ದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಆ ಲೆಕ್ಕದಲ್ಲಿ ಶೆರಿಫ್ ಎಂದರೆ ಜಿಲ್ಲಾ ಎಸ್‌ಪಿ ಇದ್ದ ಹಾಗೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಜಿಲ್ಲೆಯ ಜೈಲು ಅವರದ್ದೇ. ನ್ಯಾಯಾಲಯದ ಭದ್ರತೆ ಅವರದ್ದೇ. ಕೋರ್ಟ್ ಆದೇಶ ಹಿಡಿದುಕೊಂಡು ಹೋಗಿ ಬಾಡಿಗೆದಾರರನ್ನು ಮನೆ ಬಿಡಿಸುವ ಕೆಲಸವೂ ಅವರದ್ದೇ. ನಮ್ಮ ಎಸ್‌ಪಿ, ಜೈಲು ಸೂಪರಿಂಟೆಂಡೆಂಟ್, ಕೋರ್ಟ್ ಅಮೀನ ಮೂವರನ್ನೂ ಸೇರಿಸಿ ಒಬ್ಬರನ್ನಾಗಿ ಮಾಡಿ, ಆ ಒಬ್ಬರನ್ನು ಚುನಾವಣೆಗೆ ನಿಲ್ಲಿಸಿದರೆ ಅಮೆರಿಕದ ಶೆರಿಫ್ ಸಿಗುತ್ತಾರೆ.

ಗುಂಡಿನ ಕಾಲದಲ್ಲಿ ಹುಟ್ಟಿದ ಕಚೇರಿ

ಲಾಸ್ ಏಂಜಲೀಸ್ ಕೌಂಟಿ ಹುಟ್ಟಿದ್ದು 1850ರಲ್ಲಿ. ಮೆಕ್ಸಿಕೋದಿಂದ ಅಮೆರಿಕದ ಕೈಗೆ ಬಂದ ಕ್ಯಾಲಿಫೋರ್ನಿಯಾ ರಾಜ್ಯವಾಗಿ ಸೇರ್ಪಡೆಯಾದ ವರ್ಷವೂ ಅದೇ. ಅದೇ ವರ್ಷದ ಏಪ್ರಿಲ್‌ನಲ್ಲಿ ಜಾರ್ಜ್ ಬರಿಲ್ ಮೊದಲ ಶೆರಿಫ್ ಆಗಿ ಆಯ್ಕೆಯಾದರು. ಆಗ ಚಿನ್ನದ ಬೇಟೆ ನಡೆಯುತ್ತಿದ್ದ ಕಾಲ. ಗಣಿ, ದನಕರು, ಕುದುರೆ ಕಳ್ಳತನ, ಬಂದೂಕು ಎಲ್ಲವೂ ಇತ್ತು. ಕಾನೂನು ಮಾತ್ರ ಕಡಿಮೆ ಇತ್ತು.

1857ರ ಜನವರಿಯಲ್ಲಿ ಶೆರಿಫ್ ಜೇಮ್ಸ್ ಬಾರ್ಟನ್ ಸಣ್ಣ ತಂಡ ಕಟ್ಟಿಕೊಂಡು ಹುವಾನ್ ಫ್ಲೋರೆಸ್ ಎಂಬ ದರೋಡೆಕೋರನ ಗುಂಪನ್ನು ಹುಡುಕಿ ಹೊರಟರು. ದಾರಿಯಲ್ಲೇ ಹೊಂಚು ಹಾಕಿದ್ದ ಗುಂಪು ಬಾರ್ಟನ್ ಹಾಗೂ ಜತೆಗಿದ್ದ ಕೆಲವರನ್ನು ಕೊಂದಿತು. ಮೇಲೆ ಹೇಳಿದ 1857ರ ದಾಖಲೆ ಇದೇ. ಕೆಲವೇ ವಾರಗಳಲ್ಲಿ ಫ್ಲೋರೆಸ್ ಸಿಕ್ಕಿಬಿದ್ದ. ಆದರೆ ಅವನನ್ನು ಗಲ್ಲಿಗೇರಿಸಿದ್ದು ನ್ಯಾಯಾಲಯವಲ್ಲ, ಊರಿನ ಗುಂಪು. ಮರುವರ್ಷ ಇನ್ನೊಬ್ಬ ಶೆರಿಫ್ ವಿಲಿಯಂ ಗೆಟ್‌ಮನ್ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಗುಂಡಿಗೆ ಬಲಿಯಾದರು.

ಜನರಿಂದ ಆಯ್ಕೆಯಾದ ಶೆರಿಫ್ ಜನರ ಗುಂಪಿನ ಎದುರು ಎಷ್ಟು ಅಸಹಾಯಕ ಎಂಬುದು 1871ರ ಅಕ್ಟೋಬರ್ 24ರಂದು ಇನ್ನೂ ಕ್ರೂರವಾಗಿ ಗೊತ್ತಾಯಿತು. ಅಂದು ಸುಮಾರು 500 ಜನರ ಗುಂಪು ನಗರದ ಚೀನೀಯರ ಬೀದಿಗೆ ನುಗ್ಗಿತು. ಕನಿಷ್ಠ 18 ಚೀನೀಯರು ಕೊಲೆಯಾದರು, ಹಲವರನ್ನು ನೇಣಿಗೆ ಹಾಕಲಾಯಿತು. ಶೆರಿಫ್ ಜೇಮ್ಸ್ ಬರ್ನ್ಸ್ ಗುಂಪನ್ನು ಸಮಾಧಾನ ಮಾಡಲು ಹೋದರೂ ಹತ್ಯಾಕಾಂಡ ತಡೆಯಲು ಆಗಲಿಲ್ಲ.

20ನೇ ಶತಮಾನದ ಹೊತ್ತಿಗೆ ಕುದುರೆ ಹೋಗಿ ಕಾರು ಬಂತು, ಕಚೇರಿ ಇಲಾಖೆಯಾಯಿತು. 1912ರಲ್ಲಿ ಮಾರ್ಗರೆಟ್ ಆಡಮ್ಸ್ ಇಲಾಖೆಯ ಮೊದಲ ಮಹಿಳಾ ಡೆಪ್ಯುಟಿ ಆದರು. 1932ರಿಂದ 1958ರವರೆಗೆ ಯೂಜೀನ್ ಬಿಸ್ಕೆಲೂಝ್, ಅಲ್ಲಿಂದ 1980ರ ದಶಕದ ಆರಂಭದವರೆಗೆ ಪೀಟರ್ ಪಿಚೆಸ್, ಆಮೇಲೆ 1998ರವರೆಗೆ ಶೆರ್ಮನ್ ಬ್ಲಾಕ್. ಹೆಚ್ಚುಕಡಿಮೆ 66 ವರ್ಷದಲ್ಲಿ ಮೂವರೇ ಶೆರಿಫ್! ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ಫಲಿತಾಂಶ ಮಾತ್ರ ಮೊದಲೇ ಗೊತ್ತಿರುತ್ತಿತ್ತು. 1998ರಲ್ಲಿ ಮತದಾನಕ್ಕೆ ಕೆಲವೇ ದಿನ ಇರುವಾಗ ಬ್ಲಾಕ್ ತೀರಿಕೊಂಡರು. ಆಗಲೂ ಅವರ ಹೆಸರು ಮತಪತ್ರದಲ್ಲಿತ್ತು, ಅವರಿಗೇ ಮತ ಹಾಕಿ ಎಂದು ಬೆಂಬಲಿಗರು ಕೇಳಿಕೊಂಡರು. ಕೊನೆಗೆ ಗೆದ್ದದ್ದು ಅವರ ಅಡಿಯಲ್ಲೇ ಕೆಲಸ ಮಾಡಿದ್ದ ಲೀ ಬಾಕಾ.

ಪೊಲೀಸ್ ಸೇವೆಯೂ ಗುತ್ತಿಗೆಗೆ

ಈ ಇಲಾಖೆ ಅಮೆರಿಕದ ಅತಿ ದೊಡ್ಡ ಶೆರಿಫ್ ಇಲಾಖೆಯಾಗಿ ಬೆಳೆದದ್ದಕ್ಕೆ ಒಂದು ಕುತೂಹಲದ ಕಾರಣವಿದೆ. ಎರಡನೇ ಮಹಾಯುದ್ಧದ ನಂತರ ಲೇಕ್‌ವುಡ್ ಎಂಬಲ್ಲಿ ಮೂರೇ ವರ್ಷದಲ್ಲಿ ಸಾವಿರಾರು ಮನೆಗಳ ಬಡಾವಣೆ ಎದ್ದು ನಿಂತಿತು. ಪಕ್ಕದ ಲಾಂಗ್ ಬೀಚ್ ನಗರ ಅದನ್ನು ತನ್ನೊಳಗೆ ಸೇರಿಸಿಕೊಳ್ಳಲು ನೋಡಿತು. ಲೇಕ್‌ವುಡ್ ಜನ ಒಪ್ಪಲಿಲ್ಲ. 1954ರಲ್ಲಿ ಸ್ವತಂತ್ರ ನಗರವಾದರು. ಆದರೆ ಹೊಸ ನಗರಕ್ಕೆ ಸ್ವಂತ ಪೊಲೀಸ್ ಠಾಣೆ, ಅಗ್ನಿಶಾಮಕ ದಳ ಕಟ್ಟುವಷ್ಟು ದುಡ್ಡು ಎಲ್ಲಿಂದ ಬರಬೇಕು?

ಅದಕ್ಕೆ ಅವರು ಕಂಡುಕೊಂಡ ದಾರಿ ಗುತ್ತಿಗೆ. ಕೌಂಟಿಗೆ ವರ್ಷಕ್ಕೆ ಇಷ್ಟು ಎಂದು ಹಣ ಕೊಟ್ಟು ಶೆರಿಫ್ ಇಲಾಖೆಯ ಗಸ್ತು ಸೇವೆ ಪಡೆಯುವುದು. ಎಷ್ಟು ಕಾರು, ಎಷ್ಟು ಪಾಳಿ ಎಂಬುದರ ಮೇಲೆ ಬಿಲ್. 'ಲೇಕ್‌ವುಡ್ ಯೋಜನೆ' ಎಂದೇ ಹೆಸರಾದ ಈ ಪದ್ಧತಿಯನ್ನು ಸುತ್ತಲಿನ ಸಣ್ಣ ನಗರಗಳು ಒಂದರ ಹಿಂದೊಂದು ಅನುಸರಿಸಿದವು. ಕೌಂಟಿಯಲ್ಲಿರುವ 88 ನಗರಗಳ ಪೈಕಿ ಇಂದು 42 ನಗರಗಳಿಗೆ ಶೆರಿಫ್ ಇಲಾಖೆಯೇ ಪೊಲೀಸ್. ಕಾಂಪ್ಟನ್ ನಗರ 2000ನೇ ಇಸವಿಯಲ್ಲಿ ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿ ಶೆರಿಫ್ ಜತೆ ಒಪ್ಪಂದ ಮಾಡಿಕೊಂಡಿತು.

ಭಾರತೀಯರಿಗೂ ಈ ಪಟ್ಟಿಯ ಹೆಸರುಗಳು ಪರಿಚಿತ. 'ಲಿಟಲ್ ಇಂಡಿಯಾ' ಎಂದು ಕರೆಸಿಕೊಳ್ಳುವ, ಸೀರೆ ಅಂಗಡಿ, ದೋಸೆ ಹೋಟೆಲ್‌ಗಳಿರುವ ಪಯೋನಿಯರ್ ಬುಲೆವಾರ್ಡ್ ಇರುವುದು ಆರ್ಟೀಸಿಯಾ ನಗರದಲ್ಲಿ. ಅಲ್ಲಿ ಗಸ್ತು ತಿರುಗುವುದು ಶೆರಿಫ್ ಕಾರು. ಪಕ್ಕದ ಸೆರಿಟೋಸ್, ಭಾರತೀಯ ಕುಟುಂಬಗಳು ಹೆಚ್ಚಿರುವ ಡೈಮಂಡ್ ಬಾರ್, ವೆಂಕಟೇಶ್ವರ ದೇವಸ್ಥಾನಕ್ಕೆ ಹೆಸರಾದ ಮಾಲಿಬು, ಕ್ಯಾಲಬಾಸಸ್ ಭಾಗವೂ ಹಾಗೆಯೇ. ಮಗನ ಮನೆಗೆಂದು ಹೋದ ಅಪ್ಪ ಅಮ್ಮ ಅಲ್ಲಿ 911ಕ್ಕೆ ಕರೆ ಮಾಡಿದರೆ ಬಾಗಿಲಿಗೆ ಬರುವುದು ಖಾಕಿ ಮೇಲಂಗಿ, ಹಸಿರು ಪ್ಯಾಂಟ್ ತೊಟ್ಟ ಡೆಪ್ಯುಟಿ. ಸಿನಿಮಾಗಳಲ್ಲಿ ಕಾಣುವ ಕಡುನೀಲಿ ಸಮವಸ್ತ್ರದ ಎಲ್‌ಎಪಿಡಿ ಬೇರೆ ಇಲಾಖೆ.

ಈ ಎರಡರ ವ್ಯತ್ಯಾಸ ಮುಖ್ಯ. ಎಲ್‌ಎಪಿಡಿ ಲಾಸ್ ಏಂಜಲೀಸ್ ನಗರದ ಪೊಲೀಸ್. ಅದರ ಮುಖ್ಯಸ್ಥರನ್ನು ಮೇಯರ್ ನೇಮಿಸುತ್ತಾರೆ, ನಾಗರಿಕರ ಪೊಲೀಸ್ ಆಯೋಗ ಮೇಲುಸ್ತುವಾರಿ ಮಾಡುತ್ತದೆ. ರಾಡ್ನಿ ಕಿಂಗ್ ಪ್ರಕರಣದ ಗಲಭೆಯ ಬೆನ್ನಲ್ಲೇ 1992ರಲ್ಲಿ ನಗರದ ಜನ ಮತ ಹಾಕಿ, ಪೊಲೀಸ್ ಮುಖ್ಯಸ್ಥರಿಗೆ ತಲಾ ಐದು ವರ್ಷದ ಎರಡು ಅವಧಿಯ ಮಿತಿ ತಂದರು. ಕೌಂಟಿ ಶೆರಿಫ್‌ಗೆ ಇಂಥ ಕಡಿವಾಣ ಬರಲು ಇನ್ನೂ 30 ವರ್ಷ ಬೇಕಾಯಿತು.

ಒಳಗಿನ ವ್ಯವಸ್ಥೆ ಹೇಗಿದೆ?

ಕೌಂಟಿಯ ಜನಸಂಖ್ಯೆ ಸುಮಾರು 1 ಕೋಟಿ, ವಿಸ್ತೀರ್ಣ ಸುಮಾರು 10,500 ಚದರ ಕಿ.ಮೀ. ಇಲಾಖೆಯ ವಾರ್ಷಿಕ ಬಜೆಟ್ 400 ಕೋಟಿ ಡಾಲರ್ ಆಸುಪಾಸು. ಮೇಲ್ತುದಿಯಲ್ಲಿ ಶೆರಿಫ್, ಅವರ ಕೆಳಗೆ ಅಂಡರ್‌ಶೆರಿಫ್, ಆಮೇಲೆ ಅಸಿಸ್ಟೆಂಟ್ ಶೆರಿಫ್‌ಗಳು, ವಿಭಾಗಗಳ ಚೀಫ್‌ಗಳು, ಕಮಾಂಡರ್‌ಗಳು. ಒಂದೊಂದು ಠಾಣೆಗೂ ಒಬ್ಬ ಕ್ಯಾಪ್ಟನ್. ಅವರ ಕೆಳಗೆ ಲೆಫ್ಟಿನೆಂಟ್, ಸಾರ್ಜೆಂಟ್, ಕೊನೆಯಲ್ಲಿ ಡೆಪ್ಯುಟಿ. ಇಷ್ಟು ದೊಡ್ಡ ಏಣಿಯಲ್ಲಿ ಚುನಾಯಿತರು ಮೇಲ್ತುದಿಯಲ್ಲಿರುವ ಒಬ್ಬರೇ.

ಕೆಲಸ ಮುಖ್ಯವಾಗಿ ನಾಲ್ಕು ಬಗೆಯದ್ದು. ಮೊದಲನೆಯದು ಗಸ್ತು. ಗುತ್ತಿಗೆ ನಗರಗಳ ಜತೆ, ಯಾವ ನಗರಕ್ಕೂ ಸೇರದ ಪ್ರದೇಶಗಳ ಸುಮಾರು 10 ಲಕ್ಷ ಜನರಿಗೂ ಶೆರಿಫ್ ಇಲಾಖೆಯೇ ಪೊಲೀಸ್. ಎರಡನೆಯದು ತನಿಖೆ. ಕೊಲೆ ಪ್ರಕರಣ, ಅಪರಾಧ ಪ್ರಯೋಗಾಲಯ, ಬಾಂಬ್ ಪತ್ತೆ, ಹೆಲಿಕಾಪ್ಟರ್ ಎಲ್ಲ ಈ ಸಾಲಿಗೆ ಸೇರುತ್ತವೆ. ಸ್ವಂತ ಪೊಲೀಸ್ ಇರುವ ಸಣ್ಣ ನಗರಗಳೂ ಕೊಲೆ ತನಿಖೆಗೆ ಇವರ ನೆರವು ಕೇಳುವುದುಂಟು. ಮೂರನೆಯದು ನ್ಯಾಯಾಲಯ. 1994ರವರೆಗೆ ಕೌಂಟಿಯಲ್ಲಿ ಮಾರ್ಷಲ್ ಎಂಬ ಪ್ರತ್ಯೇಕ ವ್ಯವಸ್ಥೆ ಇತ್ತು, ಆ ವರ್ಷ ಅದು ಶೆರಿಫ್ ಇಲಾಖೆಯಲ್ಲಿ ವಿಲೀನವಾಯಿತು.

ನಾಲ್ಕನೆಯದು ಜೈಲು. ಎಲ್ಲಕ್ಕಿಂತ ಭಾರದ ಹೊಣೆ ಇದು.

ಡೆಪ್ಯುಟಿ ಆಗಿ ಸೇರಿದವರನ್ನು ತರಬೇತಿ ಮುಗಿದ ಕೂಡಲೇ ರಸ್ತೆಗೆ ಕಳಿಸುವುದಿಲ್ಲ. ಮೊದಲ ಕೆಲವು ವರ್ಷ ಜೈಲು ಕೆಲಸ. ಇದು ಹಳೆಯ ಪದ್ಧತಿ. ಇಪ್ಪತ್ತರ ಹರೆಯದ ಯುವಕ, ಯುವತಿಯರು ಸಮಾಜವನ್ನು ಮೊದಲು ನೋಡುವುದೇ ಕಂಬಿಯ ಆಚೆಯಿಂದ. ಆ ಕಣ್ಣಿನಲ್ಲೇ ಅವರು ಮುಂದೆ ಬಡಾವಣೆಗಳನ್ನೂ ನೋಡುತ್ತಾರೆ ಎಂಬುದು ಸುಧಾರಣೆ ಬಯಸುವವರ ಬಹುಕಾಲದ ಟೀಕೆ.

ಜೈಲೇ ಆಸ್ಪತ್ರೆಯಾದಾಗ

ಲಾಸ್ ಏಂಜಲೀಸ್ ಕೌಂಟಿಯದ್ದು ಅಮೆರಿಕದಲ್ಲೇ ಅತಿ ದೊಡ್ಡ ಸ್ಥಳೀಯ ಜೈಲು ವ್ಯವಸ್ಥೆ. ಸುಮಾರು 12ರಿಂದ 13 ಸಾವಿರ ಕೈದಿಗಳು. ಅವರಲ್ಲಿ ದೊಡ್ಡ ಪಾಲು ಇನ್ನೂ ಶಿಕ್ಷೆಯಾಗದ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಿಚಾರಣಾಧೀನ ಕೈದಿಗಳು. ಮಾನಸಿಕ ಕಾಯಿಲೆ ಇರುವವರ ಸಂಖ್ಯೆ ಎಷ್ಟಿದೆ ಎಂದರೆ, ನಗರ ಮಧ್ಯದ ಟ್ವಿನ್ ಟವರ್ಸ್ ಜೈಲನ್ನು ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆ ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಆಸ್ಪತ್ರೆಗಳು ಮುಚ್ಚಿದವು, ಬೀದಿಗೆ ಬಿದ್ದವರನ್ನು ಕಾನೂನು ಜೈಲಿಗೆ ತಂದಿತು, ನೋಡಿಕೊಳ್ಳುವ ಹೊಣೆ ಮಾತ್ರ ಪಿಸ್ತೂಲು ಹಿಡಿಯಲು ತರಬೇತಿ ಪಡೆದವರ ಪಾಲಾಯಿತು.

1963ರಲ್ಲಿ ತೆರೆದ ಮೆನ್ಸ್ ಸೆಂಟ್ರಲ್ ಜೈಲ್ ಇನ್ನೊಂದು ಕಥೆ. ಗಾಳಿ ಬೆಳಕಿಲ್ಲದ ಈ ಹಳೆಯ ಕಟ್ಟಡ ಮುಚ್ಚಬೇಕು ಎಂದು ಕೌಂಟಿಯ ಮೇಲ್ವಿಚಾರಕರ ಮಂಡಳಿ 2021ರಲ್ಲೇ ತೀರ್ಮಾನಿಸಿತು. ಕೈದಿಗಳನ್ನು ಎಲ್ಲಿಡುವುದು ಎಂಬುದಕ್ಕೆ ಉತ್ತರ ಸಿಗದೆ ತೀರ್ಮಾನ ಕಾಗದದಲ್ಲೇ ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಜೈಲುಗಳ ಅಮಾನವೀಯ ಸ್ಥಿತಿ ಮತ್ತು ಕೈದಿಗಳ ಸಾವುಗಳನ್ನು ಮುಂದಿಟ್ಟು ಕೌಂಟಿ ಮತ್ತು ಶೆರಿಫ್ ವಿರುದ್ಧ ಮೊಕದ್ದಮೆ ಹೂಡಿದರು. ಒಂದು ರಾಜ್ಯ ತನ್ನದೇ ಜಿಲ್ಲೆಯ ವಿರುದ್ಧ ಕೋರ್ಟಿಗೆ ಹೋಗಬೇಕಾಯಿತು ಎಂದರೆ ಶೆರಿಫ್ ಕಚೇರಿ ಎಷ್ಟು ಸ್ವತಂತ್ರ ಎಂಬುದು ಅರ್ಥವಾಗುತ್ತದೆ.

ಸಮವಸ್ತ್ರದೊಳಗಿನ ಗ್ಯಾಂಗ್‌ಗಳು

ಈ ಇಲಾಖೆಯ ಅತಿ ಹಳೆಯ ಗಾಯ 'ಡೆಪ್ಯುಟಿ ಗ್ಯಾಂಗ್'. ಒಂದೇ ಠಾಣೆಯ ಡೆಪ್ಯುಟಿಗಳು ಗುಂಪು ಕಟ್ಟಿಕೊಂಡು, ಕಾಲಿನ ಮೇಲೆ ಒಂದೇ ರೀತಿಯ ಹಚ್ಚೆ ಹಾಕಿಸಿಕೊಂಡು, ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಯಾವ ಪಾಳಿ ಕೊಡಬೇಕು ಎಂಬುದನ್ನು ತಾವೇ ನಿರ್ಧರಿಸುವ ಪದ್ಧತಿ ದಶಕಗಳಿಂದ ಇದೆ. 1991ರಲ್ಲಿ ಫೆಡರಲ್ ನ್ಯಾಯಾಧೀಶ ಟೆರಿ ಹ್ಯಾಟರ್ ಅವರು ಲಿನ್‌ವುಡ್ ಠಾಣೆಯ 'ವೈಕಿಂಗ್ಸ್' ಗುಂಪನ್ನು ನವ ನಾಜಿ, ಬಿಳಿಯರ ಶ್ರೇಷ್ಠತೆಯ ಗ್ಯಾಂಗ್ ಎಂದೇ ಕರೆದರು. ಮರುವರ್ಷ ಕೋಲ್ಟ್ಸ್ ಆಯೋಗದ ವರದಿ ಬಂತು. 2012ರಲ್ಲಿ ಜೈಲು ಹಿಂಸಾಚಾರದ ಬಗ್ಗೆ ಇನ್ನೊಂದು ಆಯೋಗ ವರದಿ ಕೊಟ್ಟಿತು. 2021ರಲ್ಲಿ ರಾಜ್ಯವೇ ಕಾನೂನು ಮಾಡಿ ಪೊಲೀಸ್ ಗ್ಯಾಂಗ್‌ಗಳನ್ನು ನಿಷೇಧಿಸಿತು. 2023ರಲ್ಲಿ ನಾಗರಿಕ ಮೇಲುಸ್ತುವಾರಿ ಆಯೋಗದ ವಿಶೇಷ ವಕೀಲರ ತಂಡ, ಗ್ಯಾಂಗ್‌ಗಳು ಇನ್ನೂ ಇವೆ ಎಂದು ವರದಿ ಕೊಟ್ಟಿತು. ಪೂರ್ವ ಲಾಸ್ ಏಂಜಲೀಸ್‌ನ 'ಬ್ಯಾಂಡಿಟೋಸ್', ಕಾಂಪ್ಟನ್‌ನ 'ಎಕ್ಸಿಕ್ಯೂಷನರ್ಸ್' ಹೆಸರುಗಳು ಈ ಅವಧಿಯಲ್ಲಿ ಪದೇ ಪದೇ ಕೇಳಿಬಂದವು. ಹಚ್ಚೆ ಗುಂಪುಗಳಿಗೆ ಸೇರುವುದನ್ನು ನಿಷೇಧಿಸುವ ಇಲಾಖೆಯದ್ದೇ ನಿಯಮ ಜಾರಿಗೆ ಬಂದದ್ದು 2024ರಲ್ಲಿ.

ಆಯೋಗಗಳು ಬಂದವು, ವರದಿಗಳು ಬಂದವು. ಆದರೆ ಜಾರಿ ಮಾಡಬೇಕಾದವರು ಶೆರಿಫ್. ಶೆರಿಫ್ ಮಾಡದಿದ್ದರೆ ಕೇಳುವವರು ಮತದಾರರು ಮಾತ್ರ. ಮತದಾರರಿಗೆ ಠಾಣೆಯೊಳಗಿನ ಕಥೆ ಗೊತ್ತಾಗುವುದು ಯಾವಾಗ?

ಗೊತ್ತಾದದ್ದು ಎಫ್‌ಬಿಐ ಕಾಲಿಟ್ಟಾಗ. 2011ರಲ್ಲಿ ಮೆನ್ಸ್ ಸೆಂಟ್ರಲ್ ಜೈಲಿನಲ್ಲಿ ಕೈದಿಗಳ ಮೇಲಿನ ಹಲ್ಲೆಯ ಬಗ್ಗೆ ಎಫ್‌ಬಿಐ ಗುಪ್ತ ತನಿಖೆ ನಡೆಸುತ್ತಿತ್ತು. ಅದಕ್ಕೆ ಮಾಹಿತಿ ಕೊಡುತ್ತಿದ್ದ ಕೈದಿಯನ್ನು ಇಲಾಖೆಯ ಅಧಿಕಾರಿಗಳು ಬೇರೆ ಬೇರೆ ಹೆಸರಿನಲ್ಲಿ ದಾಖಲಿಸಿ, ಎಫ್‌ಬಿಐ ಕೈಗೆ ಸಿಗದಂತೆ ಬಚ್ಚಿಟ್ಟರು. ತನಿಖೆ ಮಾಡುತ್ತಿದ್ದ ಎಫ್‌ಬಿಐ ಅಧಿಕಾರಿಯ ಮನೆ ಮುಂದೆಯೇ ಹೋಗಿ ಬಂಧಿಸುವ ಬೆದರಿಕೆ ಹಾಕಿದರು. ಕಾನೂನು ಕಾಯುವ ಇಲಾಖೆ ಕಾನೂನಿನಿಂದಲೇ ಸಾಕ್ಷಿಯನ್ನು ಮುಚ್ಚಿಡಲು ಹೊರಟಿತ್ತು.

ಬಾಕಾ 2014ರ ಜನವರಿಯಲ್ಲಿ ಹುದ್ದೆ ಬಿಟ್ಟರು. ಅವರ ಬಲಗೈಯಾಗಿದ್ದ ಅಂಡರ್‌ಶೆರಿಫ್ ಪಾಲ್ ತನಾಕಾಗೆ ಐದು ವರ್ಷ ಜೈಲಾಯಿತು. ಬಾಕಾ ಕೂಡ 2017ರಲ್ಲಿ ತಪ್ಪಿತಸ್ಥರೆಂದು ಸಾಬೀತಾಗಿ ಮೂರು ವರ್ಷದ ಶಿಕ್ಷೆಗೆ ಒಳಗಾದರು. ದೇಶದ ಅತಿ ದೊಡ್ಡ ಜೈಲಿನ ಒಡೆಯನೇ ಜೈಲಿಗೆ ಹೋದ. ಗಮನಿಸಬೇಕಾದ ವಿಷಯ ಎಂದರೆ, ಅವರನ್ನು ಕೆಳಗಿಳಿಸಿದ್ದು ಮತಪೆಟ್ಟಿಗೆಯಲ್ಲ, ಫೆಡರಲ್ ತನಿಖೆ. ಅದಕ್ಕೂ ಮೊದಲು ಬಾಕಾ ನಾಲ್ಕು ಬಾರಿ ಚುನಾವಣೆ ಗೆದ್ದಿದ್ದರು.

ಶೆರಿಫ್ ವರ್ಸಸ್ ಮಂಡಳಿ

ಇಲ್ಲಿಂದ ಕಥೆ ನೇರ ರಾಜಕೀಯಕ್ಕೆ ತಿರುಗುತ್ತದೆ. ಕೌಂಟಿಯ ಆಡಳಿತ ನಡೆಸುವುದು ಐವರು ಚುನಾಯಿತರ ಮೇಲ್ವಿಚಾರಕರ ಮಂಡಳಿ. ಶೆರಿಫ್ ಇಲಾಖೆಗೆ ಹಣ ಕೊಡುವುದು ಈ ಮಂಡಳಿ. ಡೆಪ್ಯುಟಿ ತಪ್ಪು ಮಾಡಿ ಕೋರ್ಟ್ ಪರಿಹಾರ ಕೊಡು ಎಂದರೆ ಖಜಾನೆ ತೆರೆಯುವುದೂ ಮಂಡಳಿಯೇ. ಆದರೆ ಶೆರಿಫ್ ತನಿಖಾ ಕೆಲಸದಲ್ಲಿ ಮಂಡಳಿ ಅಡ್ಡ ಬರುವಂತಿಲ್ಲ ಎಂದು ರಾಜ್ಯದ ಕಾನೂನು ಹೇಳುತ್ತದೆ. ಶೆರಿಫ್ ಚುನಾಯಿತರಾಗಿಯೇ ಇರಬೇಕು ಎಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಹಣ ಒಬ್ಬರ ಕೈಯಲ್ಲಿ, ಹಿಡಿತ ಇನ್ನೊಬ್ಬರ ಕೈಯಲ್ಲಿ.

2018ರಲ್ಲಿ ಅಲೆಕ್ಸ್ ವಿಲ್ಲನುಯೇವ ಎಂಬ ನಿವೃತ್ತ ಲೆಫ್ಟಿನೆಂಟ್, ಹಾಲಿ ಶೆರಿಫ್ ಜಿಮ್ ಮ್ಯಾಕ್‌ಡೊನೆಲ್ ಅವರನ್ನು ಸೋಲಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಹಾಲಿ ಶೆರಿಫ್ ಸೋತದ್ದು ಅದೇ ಮೊದಲು. ಡೆಪ್ಯುಟಿಗಳ ಸಂಘ ವಿಲ್ಲನುಯೇವ ಬೆನ್ನಿಗೆ ನಿಂತಿತ್ತು. ವಲಸೆ ಅಧಿಕಾರಿಗಳನ್ನು ಜೈಲಿನಿಂದ ಹೊರಗಿಡುತ್ತೇನೆ ಎಂಬ ಮಾತಿಗೆ ಲಿಬರಲ್ ಮತದಾರರೂ ಒಲಿದರು.

ಗೆದ್ದ ಮೇಲೆ ಚಿತ್ರ ಬದಲಾಯಿತು. ತಮ್ಮ ಪ್ರಚಾರದಲ್ಲಿ ದುಡಿದಿದ್ದ, ಹಿಂದೆ ವಜಾಗೊಂಡಿದ್ದ ಡೆಪ್ಯುಟಿಯನ್ನು ಅವರು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ಮಂಡಳಿ ಕೋರ್ಟಿಗೆ ಹೋಯಿತು. ನಾಗರಿಕ ಮೇಲುಸ್ತುವಾರಿ ಆಯೋಗಕ್ಕೆ ಸಮನ್ಸ್ ಕೊಡುವ ಅಧಿಕಾರವನ್ನು 2020ರಲ್ಲಿ ಜನರೇ ಮತ ಹಾಕಿ ಕೊಟ್ಟರು. ಶೆರಿಫ್ ಆ ಸಮನ್ಸ್‌ಗಳಿಗೂ ಹಾಜರಾಗಲು ಒಪ್ಪಲಿಲ್ಲ. ಅದೇ ವರ್ಷ ಜನವರಿಯಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಮೃತಪಟ್ಟ ಹೆಲಿಕಾಪ್ಟರ್ ದುರಂತದ ಸ್ಥಳದಲ್ಲಿ ಡೆಪ್ಯುಟಿಗಳು ಶವಗಳ ಫೋಟೊ ತೆಗೆದು ಹಂಚಿಕೊಂಡದ್ದು ಬಯಲಾಯಿತು. 2022ರ ಆಗಸ್ಟ್‌ನಲ್ಲಿ ಫೆಡರಲ್ ಜ್ಯೂರಿ ಕೌಂಟಿ ವಿರುದ್ಧ 3.1 ಕೋಟಿ ಡಾಲರ್ ಪರಿಹಾರ ವಿಧಿಸಿತು. ಹಣ ಹೋದದ್ದು ತೆರಿಗೆದಾರರ ಜೇಬಿನಿಂದ.

ಅದರ ಮರುತಿಂಗಳು ಶೆರಿಫ್ ಇಲಾಖೆಯ ತಂಡ ಮಂಡಳಿ ಸದಸ್ಯೆ ಶೀಲಾ ಕ್ಯೂಲ್ ಮನೆ ಮೇಲೆ ದಾಳಿ ನಡೆಸಿತು. ಕ್ಯೂಲ್ ಶೆರಿಫ್‌ನ ಕಟು ಟೀಕಾಕಾರರಾಗಿದ್ದರು. ಭ್ರಷ್ಟಾಚಾರದ ತನಿಖೆ ಎಂದು ಇಲಾಖೆ ಹೇಳಿತು, ಸೇಡು ಎಂದು ಕ್ಯೂಲ್ ಹೇಳಿದರು. ಕೊನೆಗೆ ರಾಜ್ಯದ ಅಟಾರ್ನಿ ಜನರಲ್ ಆ ತನಿಖೆಯನ್ನೇ ತಮ್ಮ ಕೈಗೆ ತೆಗೆದುಕೊಂಡರು.

2022ರ ನವೆಂಬರ್‌ನಲ್ಲಿ ಮತದಾರರು ಒಂದೇ ದಿನ ಎರಡು ತೀರ್ಪು ಕೊಟ್ಟರು. ವಿಲ್ಲನುಯೇವ ಸೋತರು, ಲಾಂಗ್ ಬೀಚ್ ಪೊಲೀಸ್ ಮುಖ್ಯಸ್ಥರಾಗಿದ್ದ ರಾಬರ್ಟ್ ಲೂನಾ ಗೆದ್ದರು. ಅದರ ಜತೆಗೆ 'ಮೆಷರ್ ಎ' ಎಂಬ ತಿದ್ದುಪಡಿಯೂ ಅಂಗೀಕಾರವಾಯಿತು. ಗಂಭೀರ ಕಾರಣವಿದ್ದರೆ, ಐವರಲ್ಲಿ ನಾಲ್ವರು ಸದಸ್ಯರು ಒಪ್ಪಿದರೆ ಮಂಡಳಿ ಶೆರಿಫ್‌ರನ್ನು ವಜಾ ಮಾಡಬಹುದು. ಲಾಸ್ ಏಂಜಲೀಸ್‌ನಲ್ಲಿ ಈ ಅಧಿಕಾರ ಇದುವರೆಗೆ ಬಳಕೆಯಾಗಿಲ್ಲ.

ಮೊದಲ ವಜಾ ನಡೆದದ್ದು ಟೆಕ್ಕಿಗಳ ನೆರೆಯಲ್ಲಿ

ಬಳಕೆಯಾದದ್ದು ಉತ್ತರದ ಸ್ಯಾನ್ ಮೆಟಿಯೊ ಕೌಂಟಿಯಲ್ಲಿ. ಸ್ವಜನ ಪಕ್ಷಪಾತ, ಸೇಡಿನ ಕ್ರಮ ಮುಂತಾದ ಆರೋಪಗಳು ಶೆರಿಫ್ ಕ್ರಿಸ್ಟಿನಾ ಕಾರ್ಪಸ್ ಮೇಲೆ ಬಂದವು. ಅವರು ಎಲ್ಲವನ್ನೂ ನಿರಾಕರಿಸಿದರು. 2025ರ ಮಾರ್ಚ್‌ನಲ್ಲಿ ಅಲ್ಲಿನ ಮತದಾರರು ಮಂಡಳಿಗೆ 2028ರವರೆಗೆ ವಜಾ ಅಧಿಕಾರ ಕೊಟ್ಟರು. ವಿಚಾರಣೆ ಮುಗಿದು ಅಕ್ಟೋಬರ್‌ನಲ್ಲಿ ಮಂಡಳಿ ಅವರನ್ನು ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಮಂಡಳಿಯೊಂದು ಚುನಾಯಿತ ಶೆರಿಫ್‌ರನ್ನು ವಜಾ ಮಾಡಿದ್ದು ಇದೇ ಮೊದಲು.

ಪಕ್ಕದ ಸ್ಯಾಂಟಾ ಕ್ಲಾರಾ ಕೌಂಟಿ ಕನ್ನಡಿಗರಿಗೆ ಇನ್ನೂ ಹತ್ತಿರ. ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿರುವ ಕೂಪರ್ಟಿನೊ, ಸಾರಟೋಗಾ ನಗರಗಳಿಗೆ ಸ್ವಂತ ಪೊಲೀಸ್ ಇಲ್ಲ. ಅಲ್ಲೂ ಶೆರಿಫ್ ಜತೆ ಗುತ್ತಿಗೆಯೇ. ಆ ಕೌಂಟಿಯ ಶೆರಿಫ್ ಲಾರಿ ಸ್ಮಿತ್, 1998ರಲ್ಲಿ ಗೆದ್ದು ರಾಜ್ಯದ ಮೊದಲ ಚುನಾಯಿತ ಮಹಿಳಾ ಶೆರಿಫ್ ಎನಿಸಿದವರು. ಬಂದೂಕು ಪರವಾನಗಿ ಹಂಚಿಕೆಯಲ್ಲಿ ಪಕ್ಷಪಾತ ಸೇರಿದಂತೆ ಹಲವು ಆರೋಪಗಳಲ್ಲಿ 2022ರ ನವೆಂಬರ್‌ನಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. ತೀರ್ಪಿಗೆ ಮೂರು ದಿನ ಮೊದಲಷ್ಟೇ ಅವರು ಹುದ್ದೆ ಬಿಟ್ಟಿದ್ದರು. ಅದಕ್ಕೂ ಹಿಂದೆ ಆರು ಚುನಾವಣೆ ಗೆದ್ದಿದ್ದರು.

ವಲಸಿಗರಿಗೆ ಏಕೆ ಮುಖ್ಯ?

ಟ್ರಂಪ್ ಎರಡನೇ ಅವಧಿಯಲ್ಲಿ ಶೆರಿಫ್ ಯಾರು ಎಂಬುದು ವಲಸಿಗರ ಬದುಕಿನ ಪ್ರಶ್ನೆಯಾಗಿದೆ. '287(ಜಿ)' ಎಂಬ ಒಪ್ಪಂದದ ಅಡಿ ಸ್ಥಳೀಯ ಪೊಲೀಸರೂ ಫೆಡರಲ್ ವಲಸೆ ಇಲಾಖೆಯ ಕೆಲಸ ಮಾಡಬಹುದು. ಫ್ಲಾರಿಡಾದ ಎಲ್ಲ 67 ಕೌಂಟಿಗಳೂ ಈ ಒಪ್ಪಂದಕ್ಕೆ ಬಂದಿವೆ. ಟೆಕ್ಸಸ್‌ನಲ್ಲಿ ಜೈಲು ನಡೆಸುವ ಶೆರಿಫ್‌ಗಳು ಇದಕ್ಕೆ ಸೇರಲೇಬೇಕೆಂಬ ಕಾನೂನು 2025ರಲ್ಲಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ತದ್ವಿರುದ್ಧ. ಇಂಥ ಸಹಕಾರಕ್ಕೆ 2017ರ ರಾಜ್ಯ ಕಾನೂನು ಕಡಿವಾಣ ಹಾಕಿದೆ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ಸುತ್ತ ವಲಸೆ ದಾಳಿ ವಿರುದ್ಧ ಪ್ರತಿಭಟನೆ ಭುಗಿಲೆದ್ದಾಗ, ಶೆರಿಫ್ ಡೆಪ್ಯುಟಿಗಳು ಗುಂಪು ಚದುರಿಸಲು ಬೀದಿಗಿಳಿದರು. ವಲಸೆ ಬಂಧನ ನಮ್ಮ ಕೆಲಸವಲ್ಲ ಎಂದು ಇಲಾಖೆ ಹೇಳಿತು. ಎರಡೂ ಸಮವಸ್ತ್ರಗಳನ್ನು ಒಂದೇ ಬೀದಿಯಲ್ಲಿ ಕಂಡ ಜನರಿಗೆ ಆ ವ್ಯತ್ಯಾಸ ಎಷ್ಟು ಅರ್ಥವಾಯಿತು ಎಂಬುದು ಬೇರೆ ಮಾತು.

ಇದೇ ಹುದ್ದೆ ವಲಸಿಗರಿಗೆ ಬಾಗಿಲು ತೆರೆದ ಉದಾಹರಣೆಯೂ ಇದೆ. ಟೆಕ್ಸಸ್‌ನ ಹ್ಯಾರಿಸ್ ಕೌಂಟಿ ಶೆರಿಫ್ ಕಚೇರಿ 2015ರಲ್ಲಿ ಸಿಖ್ ಡೆಪ್ಯುಟಿ ಸಂದೀಪ್ ಧಾಲಿವಾಲ್ ಅವರಿಗೆ ಪೇಟ, ಗಡ್ಡದೊಂದಿಗೇ ಕರ್ತವ್ಯ ನಿರ್ವಹಿಸಲು ಅನುಮತಿ ಕೊಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ವಾಹನ ತಪಾಸಣೆ ವೇಳೆ ಅವರು ಗುಂಡಿಗೆ ಬಲಿಯಾದಾಗ ಹ್ಯೂಸ್ಟನ್ ನಗರವೇ ಕಣ್ಣೀರಿಟ್ಟಿತ್ತು. ನಿಯಮ ಬದಲಿಸಲು ಅಲ್ಲಿನ ಶೆರಿಫ್ ಯಾವ ರಾಜಧಾನಿಯ ಅನುಮತಿಗೂ ಕಾಯಬೇಕಾಗಿರಲಿಲ್ಲ.

ಮತಪೆಟ್ಟಿಗೆ ಸಾಕೇ?

ಭಾರತದಲ್ಲಿ ಪೊಲೀಸ್ ಸುಧಾರಣೆಯ ಚರ್ಚೆ ಬಂದಾಗಲೆಲ್ಲ ಮುಖ್ಯ ದೂರು ಒಂದೇ: ಪೊಲೀಸರು ಆಳುವ ಪಕ್ಷದ ಕೈಗೊಂಬೆ, ಮಾತು ಕೇಳದ ಎಸ್‌ಪಿಗೆ ವರ್ಗಾವಣೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ ಎರಡು ವರ್ಷದ ಅವಧಿ, ದೂರು ಪ್ರಾಧಿಕಾರ ಬೇಕು ಎಂದದ್ದು ಇದಕ್ಕೇ. ವರ್ಗಾವಣೆಯ ಭಯವೇ ಇಲ್ಲದ, ಜನರಿಗೆ ಮಾತ್ರ ಉತ್ತರಿಸುವ ಪೊಲೀಸ್ ಮುಖ್ಯಸ್ಥ ಇದ್ದರೆ ಎಷ್ಟು ಚೆನ್ನ ಎಂದು ಅನಿಸುವುದು ಸಹಜ.

ಲಾಸ್ ಏಂಜಲೀಸ್ ಕಥೆ ಆ ಆಸೆಗೆ ಒಂದು ಎಚ್ಚರಿಕೆ. ಅಲ್ಲಿ ಶೆರಿಫ್‌ಗೆ ವರ್ಗಾವಣೆ ಇಲ್ಲ, ಮಂತ್ರಿಯ ಫೋನ್ ಇಲ್ಲ. ಆದರೆ ಡೆಪ್ಯುಟಿಗಳ ಸಂಘದ ಬೆಂಬಲ ಬೇಕು, ಪ್ರಚಾರಕ್ಕೆ ಹಣ ಬೇಕು. 1989ರಿಂದ ಜಾರಿಯಲ್ಲಿರುವ ನಿಯಮದಂತೆ ಸ್ಪರ್ಧಿಸಲು ಪೊಲೀಸ್ ಅನುಭವವೂ ಬೇಕು. ಹಾಗಾಗಿ ಇಲಾಖೆಯನ್ನು ಸುಧಾರಿಸುತ್ತೇನೆ ಎಂದು ಬರುವವರು ಬಹುತೇಕ ಪೊಲೀಸ್ ವ್ಯವಸ್ಥೆಯೊಳಗಿಂದಲೇ ಬರುತ್ತಾರೆ. ಇನ್ನು ಶೆರಿಫ್ ಅಧಿಕಾರದ ಭಾರ ನೇರವಾಗಿ ಬೀಳುವವರಲ್ಲಿ ವೀಸಾ ಮೇಲಿರುವ ವಲಸಿಗರಿಗೆ ಮತವೇ ಇಲ್ಲ.

ಹಾಗೆಂದು ಚುನಾವಣೆ ವ್ಯರ್ಥ ಎನ್ನಲಾಗದು. 2018ರಲ್ಲೂ, 2022ರಲ್ಲೂ ಹಾಲಿ ಶೆರಿಫ್‌ರನ್ನು ಜನ ಮನೆಗೆ ಕಳಿಸಿದರು. ಆಯೋಗಕ್ಕೆ ಸಮನ್ಸ್ ಅಧಿಕಾರ ಕೊಟ್ಟವರೂ, ಮಂಡಳಿಗೆ ವಜಾ ಅಧಿಕಾರ ಕೊಟ್ಟವರೂ ಅದೇ ಮತದಾರರು. ನಾಲ್ಕು ವರ್ಷಕ್ಕೊಮ್ಮೆ ಹಾಕುವ ಒಂದು ಮತ ಸಾಲದು ಎಂದು ಜನ ತಾವೇ ಮತ ಹಾಕಿ ಹೇಳಿದ್ದಾರೆ.

ಆದರೆ ಹೊಸ ಅಧಿಕಾರಕ್ಕೂ ಅಪಾಯವಿದೆ. ಮಂಡಳಿ ನಾಳೆ ತನಗಾಗದ ಶೆರಿಫ್‌ರನ್ನು ರಾಜಕೀಯ ಕಾರಣಕ್ಕೆ ತೆಗೆದರೆ, ಅದು ನಮ್ಮ ವರ್ಗಾವಣೆ ದಂಧೆಯ ಅಮೆರಿಕನ್ ರೂಪವಾದೀತು. ತನ್ನ ಖರ್ಚು ವೆಚ್ಚದ ತನಿಖೆ ಮಾಡಬಲ್ಲ ಅಧಿಕಾರಿಯನ್ನೇ ವಜಾ ಮಾಡುವ ಅಧಿಕಾರ ಮಂಡಳಿಗೆ ಸಿಕ್ಕಿದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ.

2026ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳು, 2028ರ ಒಲಿಂಪಿಕ್ಸ್ ಎರಡೂ ಲಾಸ್ ಏಂಜಲೀಸ್‌ಗೆ ಬರುತ್ತಿವೆ. ಭದ್ರತೆಯ ದೊಡ್ಡ ಹೊಣೆ ಇದೇ ಇಲಾಖೆಯ ಮೇಲಿದೆ. ಜೈಲು ಮೊಕದ್ದಮೆ ಕೋರ್ಟಿನಲ್ಲಿದೆ, 1963ರ ಕಟ್ಟಡ ಇನ್ನೂ ನಿಂತಿದೆ, ಹಚ್ಚೆ ನಿಷೇಧ ಎಷ್ಟರ ಮಟ್ಟಿಗೆ ಜಾರಿಯಾಗಿದೆ ಎಂಬುದು ಮುಂದಿನ ವರದಿಗಳಲ್ಲಿ ಗೊತ್ತಾಗಬೇಕಿದೆ. 175 ವರ್ಷದ ಹಿಂದೆ ಕುದುರೆ ಮೇಲೆ ಕೂತು ಶುರುವಾದ ಈ ಕಚೇರಿಯ ಮುಂದಿನ ಒಡೆಯ ಯಾರು ಎಂಬುದನ್ನು ಲಾಸ್ ಏಂಜಲೀಸ್ ಮತದಾರರು ತೀರ್ಮಾನಿಸುತ್ತಾರೆ. ಈ ಬಾರಿ ಗೆದ್ದವರಿಗೆ ಒಂದು ವಿಷಯ ಮೊದಲ ದಿನವೇ ಗೊತ್ತಿರುತ್ತದೆ: ಮುಂದಿನ ಚುನಾವಣೆಯವರೆಗೆ ಕೇಳುವವರಿಲ್ಲ ಎಂಬ ಕಾಲ ಮುಗಿದಿದೆ.